ಹನ್ನೆರಡನೆಯ ಪೆಟ್ಟಿಗೆಯ ಹೇನು

ಶನಿವಾರ ಬೆಳಿಗ್ಗೆ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂತೆಯಲ್ಲಿ ತರಕಾರಿಯವಳು ನಮ್ಮೆದುರೇ ಸಲಾಡ್ ಸೊಪ್ಪಿನ ಬುಡ ಕತ್ತರಿಸಿದಳು. ಕತ್ತಿ ತಾಗಿದಲ್ಲಿ ಬೆಳ್ಳಗೆ ಹಾಲು ಒಸರಿತು. ಆ ಹಾಲಿಗೆ ಒಂದು ಕಹಿ ವಾಸನೆ ಉಂಟು. ದಿನವಿಡೀ ಅದರ ನಡುವೆ ಕೆಲಸ ಮಾಡಿದವರಿಗೆ ಮಾತ್ರ ಅದು ಮೂಗಿಗೆ ಹತ್ತುತ್ತದೆ. ನನಗೆ ಹತ್ತಿತು. ಹತ್ತಿದ ಕೂಡಲೇ ಸಿಟ್ಟು ಎದ್ದಿತು.

"ಒಂದು ತಕ್ಕೊಳ್ವಾ? ಚೆಂದ ಉಂಟು" ಎಂದಳು ಹೆಂಡತಿ ಲೀನಾ.

"ಬೇಡ."

"ಮೂರು ವರ್ಷ ಆಗ್ತಾ ಬಂತು ಮಾರಾಯ್ರೆ. ಈ ಸೊಪ್ಪು ಎಂತ ಮಾಡಿದೆ ನಿಮಗೆ?"

ಸೊಪ್ಪು ನನಗೆ ಏನೂ ಮಾಡಿಲ್ಲ. ಮಾಡಿದವರು ಯಾರು, ಮಾಡಿದ್ದು ಏನು ಎಂದು ನಾನು ಇದುವರೆಗೆ ಬಾಯಲ್ಲಿ ಹೇಳಿದ್ದು ಜಾಸ್ತಿ, ಕೇಳಿದವರು ಕಡಿಮೆ. ಅದಕ್ಕೆ ಆ ವರ್ಷದ ಕಥೆಯನ್ನು ಬರೆದೇ ಇಡುತ್ತಿದ್ದೇನೆ. ಮನೆಯಲ್ಲಿ ನಮ್ಮದು ಕೊಂಕಣಿ. ಆದರೆ ನಾನು ಓದಿದ್ದು ಉಡುಪಿಯ ಹತ್ತಿರದ ಕನ್ನಡ ಶಾಲೆಯಲ್ಲಿ, ಅದೂ ಏಳನೆಯವರೆಗೆ. ಬರೆಯಲು ಬರುವುದು ಕನ್ನಡವೊಂದೇ.

ನಾವು ಮಲ್ಲಿಗೆಯವರು. ಶಂಕರಪುರದ ಕಡೆ ನಮ್ಮಂಥ ಮನೆಗಳಲ್ಲಿ ಬೆಳಕು ಹರಿಯುವಾಗ ಎಲ್ಲರೂ ಗಿಡದ ಬುಡದಲ್ಲಿರಬೇಕು. ಮೊಗ್ಗು ಅರಳುವ ಮೊದಲು ಕೊಯ್ಯಬೇಕು, ಉಗುರು ತಾಗಬಾರದು, ತಾಗಿದರೆ ಮಧ್ಯಾಹ್ನದೊಳಗೆ ಕಂದುತ್ತದೆ. ಶಾಲೆ ಬಿಟ್ಟ ಮೇಲೆ ಇಪ್ಪತ್ತು ವರ್ಷ ನನ್ನ ಬೆರಳುಗಳು ಇದನ್ನೇ ಮಾಡಿದವು. ಲೀನಾ ನರ್ಸ್. ಇಲ್ಲಿಯ ಆಸ್ಪತ್ರೆಗೆ ಅವಳು ಮೊದಲು ಬಂದಳು. ಮಗಳು ಅನಿತಾಳನ್ನು ಕರೆದುಕೊಂಡು ನಾನು ಹಿಂದಿನಿಂದ ಬಂದೆ. ಊರಿನ ಪಶ್ಚಿಮಕ್ಕೆ ಹಾಸಿರುವ ತರಕಾರಿ ಬಯಲಿನಲ್ಲಿ ಹೆರ್ ಶ್ಟೈನ್ (ಹೆರ್ ಎಂದರೆ ಶ್ರೀಯುತ) ಎಂಬ ರೈತನ ಹೊಲದಲ್ಲಿ ಎರಡು ವರ್ಷ ಬೆನ್ನು ಬಗ್ಗಿಸಿ ಸಲಾಡ್ ಸೊಪ್ಪು ಕೊಯ್ದೆ. ಬಳಿಕ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು.

ಸಂಸ್ಥೆಯ ಹೆಸರು ಬರೆಯುವುದಿಲ್ಲ. ಹೊಸ ತರಕಾರಿ ತಳಿಗಳನ್ನು ಮಾಡಿ ಬೀಜ ಮಾರುವವರು. ಅಲ್ಲಿಯ ಗಾಜಿನ ಮನೆಯ ಹಿಂದೆ ಹುಳ ಸಾಕುವ ಕೋಣೆಗಳಿದ್ದವು. ಹೌದು, ಸಾಕುವುದೇ. ಹೊಸ ತಳಿಗೆ ಹುಳ ಹಿಡಿಯುತ್ತದೋ ಇಲ್ಲವೋ ಎಂದು ನೋಡಬೇಕಾದರೆ ಕೈಯಲ್ಲಿ ಹುಳ ಇರಬೇಕಲ್ಲ? ಸಲಾಡ್ ಸೊಪ್ಪಿನ ಶತ್ರು ಗಿಡಹೇನು. ಸಾಸಿವೆ ಕಾಳಿಗಿಂತಲೂ ಚಿಕ್ಕದು. ಸೊಪ್ಪಿನ ಒಳಮಡಿಕೆಯಲ್ಲಿ, ಔಷಧಿ ತಲುಪದ ಜಾಗದಲ್ಲಿ ಕೂತು ರಸ ಹೀರುತ್ತದೆ. ಅಂಗಡಿಯಿಂದ ಕೊಂಡು ಹೋದವಳು ಮನೆಯಲ್ಲಿ ಎಲೆ ಬಿಡಿಸಿದಾಗ ಒಂದು ಹೇನು ಕಂಡರೆ ಸಾಕು, ಅಂಗಡಿಯವನು ಆ ರೈತನ ಇಡೀ ಗಾಡಿಯನ್ನೇ ಹಿಂದಕ್ಕೆ ಕಳಿಸುತ್ತಾನೆ. ಹೆರ್ ಶ್ಟೈನ್‌ನ ಗಾಡಿ ಹಾಗೆ ಹಿಂದೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೆಲಸಕ್ಕೆ ಸೇರಿಸುವ ಮೊದಲು ಪರೀಕ್ಷೆ ಇಟ್ಟವರು ಡಾಕ್ಟರ್ ಸವಿತಾ ಹಿರೇಮಠ. ಧಾರವಾಡದ ಕಡೆಯ ಹುಡುಗಿ, ಹುಳಗಳ ಮೇಲೆ ಪಿಎಚ್‌ಡಿ. ನನ್ನ ಕೈಗೆ ಒಂದು ಸಣ್ಣ ಬ್ರಶ್ ಕೊಟ್ಟು, ಈ ಎಲೆಯ ಇಪ್ಪತ್ತು ಹೇನುಗಳನ್ನು ಆ ಎಲೆಗೆ ದಾಟಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹೇನಿನ ಸೂಜಿಮೂತಿ ಎಲೆಯೊಳಗೆ ನೆಟ್ಟಿರುತ್ತದೆ. ಅವಸರದಲ್ಲಿ ಎತ್ತಿದರೆ ಮೂತಿ ಮುರಿದು ಸಾಯುತ್ತದೆ. ಹಿಂಭಾಗಕ್ಕೆ ಮೆಲ್ಲಗೆ ಕಚಗುಳಿ ಇಡಬೇಕು, ಅದೇ ಮೂತಿ ಹಿಂದೆಗೆದುಕೊಂಡು ನಡೆಯಲು ಶುರುಮಾಡುತ್ತದೆ, ಆಗ ಬ್ರಶ್ಶಿಗೆ ಹತ್ತಿಸಿಕೊಳ್ಳಬೇಕು. ಅದನ್ನು ಯಾರೂ ನನಗೆ ಹೇಳಿಕೊಡಲಿಲ್ಲ. ನಾಲ್ಕನ್ನು ನೋಡಿದಾಗ ತಿಳಿಯಿತು. ಮರುದಿನ ನೋಡಿದರೆ ಇಪ್ಪತ್ತಕ್ಕೆ ಇಪ್ಪತ್ತೂ ಬದುಕಿದ್ದವು.

ನನ್ನ ಹೆಸರಿನ ಕಾಗದ ನೋಡಿ ಊರು ಗೊತ್ತಾದ ಮೇಲೆ ಅವರ ಬಾಯಿಯಲ್ಲಿ ಕನ್ನಡ ಬಂತು. "ಅಣ್ಣಾರ, ಎಲ್ಲಿ ಕಲತ್ರಿ ಇದನ್ನ? ನಾ ಪಿಎಚ್‌ಡಿ ಮುಗಸೂ ಮಟಾ ಅರ್ಧಾ ಸಾಯಿಸ್ತಿದ್ದೆ."

"ಮಲ್ಲಿಗೆ ಕೊಯ್ದು ಕಲಿತದ್ದು ಡಾಕ್ಟ್ರೇ."

ಅಂದಿನಿಂದ ಅವರಿಗೆ ನಾನು ಅಣ್ಣಾರ, ನನಗೆ ಅವರು ಡಾಕ್ಟ್ರು.

ನಾನು ಸೇರಿದ ಎರಡನೆಯ ವರ್ಷದ ವಸಂತದಲ್ಲಿ ಸಂಸ್ಥೆಯ ಹೊಸ ಸಲಾಡ್ ತಳಿ ತಯಾರಾಯಿತು. ಹೇನು ಕೂರದ ತಳಿ. ಅದರ ಎಲೆಯ ಮೇಲೆ ಹೇನು ಬಿಟ್ಟರೆ ಮೂತಿ ಚುಚ್ಚಿ ನೋಡುತ್ತಿತ್ತು, ರಸ ಹಿಡಿಸದೆ ಮೂತಿ ಎತ್ತುತ್ತಿತ್ತು, ಅತ್ತ ಇತ್ತ ಅಲೆದು ನಾಲ್ಕು ದಿನದಲ್ಲಿ ಹಸಿವಿನಿಂದ ಸಾಯುತ್ತಿತ್ತು. ಔಷಧಿ ಬೇಡ, ಏನೂ ಬೇಡ. ನನಗೂ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಔಷಧಿ ಹೊಡೆದ ಹೊಲದಲ್ಲಿ ಕೆಲಸ ಮಾಡಿದವನು ನಾನು. ಆ ತಳಿ ಬಂದರೆ ಯಾರಿಗೆ ಒಳ್ಳೆಯದು ಎಂದು ನನಗೆ ಗೊತ್ತಿತ್ತು.

ಆದರೆ ಪರೀಕ್ಷೆಗೆ ಬಳಸುತ್ತಿದ್ದ ಹೇನುಗಳು ಎಲ್ಲಿಯವು? ಒಂದನೆಯ ಕೋಣೆಯ ಬಲೆಯ ಪೆಟ್ಟಿಗೆಗಳಲ್ಲಿ ಸಾವಿರಗಟ್ಟಲೆ ಇದ್ದವು. ಎಲ್ಲವೂ ಒಂದೇ ಅಮ್ಮನ ಸಂತಾನ. ನಮ್ಮ ಅನಿತಾ ಹುಟ್ಟುವ ಮೊದಲು ಯಾರೋ ಒಂದು ಹೇನನ್ನು ಹಿಡಿದು ತಂದಿದ್ದರಂತೆ, ಅದರ ಮಕ್ಕಳು ಮೊಮ್ಮಕ್ಕಳು ಇವು. ವಿಭಾಗದ ಮುಖ್ಯಸ್ಥ ಡಾಕ್ಟರ್ ಬ್ರಾಂಟ್‌ಗೆ ಅದೇ ದೊಡ್ಡ ಹೆಮ್ಮೆ. ಬಂದ ಅತಿಥಿಗಳಿಗೆಲ್ಲ "ಶುದ್ಧ ವಂಶ" ಎಂದು ತೋರಿಸುತ್ತಿದ್ದರು.

ಒಂದು ದಿನ ಚಹದ ಹೊತ್ತಿಗೆ ನಾನು ಸವಿತಾ ಅವರನ್ನು ಕೇಳಿದೆ: "ಡಾಕ್ಟ್ರೇ, ಇವುಗಳಲ್ಲಿ ಗಂಡು ಎಲ್ಲಿ? ನಾನು ಇಷ್ಟು ದಿನದಲ್ಲಿ ಒಂದೂ ನೋಡಲಿಲ್ಲ."

"ಬ್ಯಾಸಿಗಿ ತುಂಬಾ ಗಂಡಸರ ಗೊಡವಿನ ಇಲ್ರೀ ಇವಕ್ಕ. ಆರಾಮ್ ಅದಾವ" ಎಂದು ನಕ್ಕರು. "ಅವ್ವ ತಾನ ಹಡೀತಾಳ, ಮಗಳು ಅವ್ವನ ಅಚ್ಚು, ಮೊಮ್ಮಗಳೂ ಅದ ಅಚ್ಚು. ಅಕ್ಟೋಬರ್ ಬಂತಂದ್ರ ಅಷ್ಟ ಗಂಡು ಹುಟ್ಟತಾವ. ಆವಾಗ ಯೊಹಾನಿಸ್‌ಬೇರೆ ಗಿಡಕ್ಕ ಹೋಗಿ ಮದಿವಿ, ಅಲ್ಲೇ ತತ್ತಿ. ಚಳಿ ಮುಗದ ಮ್ಯಾಲೆ ಒಡದು ಬರೂ ಮರಿ ಒಂದೊಂದೂ ಬ್ಯಾರೆ ಬ್ಯಾರೆ."

ಯೊಹಾನಿಸ್‌ಬೇರೆ ಎಂದರೆ ಇಲ್ಲಿಯ ಹಿತ್ತಿಲುಗಳಲ್ಲಿ ಬೆಳೆಯುವ, ಕೆಂಪು ಗೊಂಚಲಿನ ಹುಳಿ ಹಣ್ಣಿನ ಪೊದೆ.

"ಹಾಗಾದರೆ ನಮ್ಮ ಪೆಟ್ಟಿಗೆಯವಕ್ಕೆ ಇಷ್ಟು ವರ್ಷದಿಂದ ಮದುವೆಯೇ ಆಗ್ಲಿಲ್ಲ?"

"ಹ್ಯಾಂಗ್ ಆಗಬೇಕ್ರೀ? ಹದಿನಾರು ತಾಸು ಲೈಟ್ ಹಚ್ಚಿರ್ತೀವಿ. ಅಕ್ಟೋಬರ್ ಬಂದದ್ದ ಗೊತ್ತಾಗೂದುಲ್ಲ ಅವಕ್ಕ."

ನಾನು ಚಹದ ಲೋಟ ಕೆಳಗಿಟ್ಟೆ. "ಅಲ್ಲ ಡಾಕ್ಟ್ರೇ, ಒಂದು ಅಮ್ಮನ ಮಕ್ಕಳ ಬಾಯಿಗೆ ಹಿಡಿಸ್ಲಿಲ್ಲ ಅಂತ ಊರವರ ಬಾಯಿಗೆಲ್ಲ ಹಿಡಿಸುದಿಲ್ಲ ಅಂತ ಹೇಳುದು ಹೇಗೆ? ಹೊರಗೆ ಇರುವವು ಬೇರೆ ಬೇರೆ ಅಮ್ಮಂದಿರವು ಅಲ್ವಾ?"

ಅವರು ನಗು ನಿಲ್ಲಿಸಿ ನನ್ನನ್ನು ನೋಡಿದರು.

ಇದು ನಾನು ಪುಸ್ತಕ ಓದಿ ಕೇಳಿದ ಪ್ರಶ್ನೆ ಅಲ್ಲ. ನಾನು ಶಾಲೆ ಬಿಟ್ಟ ಹೊಸತರಲ್ಲಿ ನಮ್ಮ ಗದ್ದೆಗೆ ಒಂದು ಭತ್ತದ ಬೀಜ ಬಂದಿತ್ತು, ಕಂದು ಜಿಗಿಹುಳು ಮುಟ್ಟದ ಬೀಜ ಎಂದು. ಊರಿಗೆ ಊರೇ ಅದನ್ನು ಬಿತ್ತಿತು. ಎರಡು ವರ್ಷ ಒಳ್ಳೆಯ ಬೆಳೆ. ಮೂರನೆಯ ವರ್ಷ ಗದ್ದೆಯ ನಡುನಡುವೆ ಬೆಂಕಿ ತಾಗಿಸಿದ ಹಾಗೆ ಒಣಗಿದ ವೃತ್ತಗಳು ಎದ್ದವು. ಬುಡದಲ್ಲಿ ಬಗ್ಗಿ ನೋಡಿದರೆ ಜಿಗಿಹುಳು ಮುತ್ತಿತ್ತು. ನೋಡಲು ಬಂದ ಅಧಿಕಾರಿ ನನ್ನ ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ, "ಗೊಬ್ಬರ ಹೆಚ್ಚು ಹಾಕಿದಿರಾ?" ಬೀಜ ತಪ್ಪಲಿಲ್ಲ, ಹುಳ ಬದಲಾಗಲಿಲ್ಲ, ಅಪ್ಪ ತಪ್ಪಿದ! ಆ ದಿನ ಅಪ್ಪ ತಲೆ ತಗ್ಗಿಸಿ ನಿಂತದ್ದನ್ನು ನಾನು ನೋಡಿದ್ದೆ. ಅಪ್ಪ ಗೊಬ್ಬರ ಹೆಚ್ಚು ಹಾಕಿರಲಿಲ್ಲ.

ಸವಿತಾ ಅವರು ಡಾಕ್ಟರ್ ಬ್ರಾಂಟ್‌ರನ್ನು ಕಾಡಿ ಬೇಡಿ ಒಂದು ಸಣ್ಣ ಪರೀಕ್ಷೆಗೆ ಅನುಮತಿ ತಂದರು. ಹೊರಗಿನ ಹೇನು ತಂದು ಹೊಸ ತಳಿಯ ಮೇಲೆ ಬಿಟ್ಟು ನೋಡುವುದು. ತರುವವನು, ಸಾಕುವವನು ನಾನು.

ಆ ವರ್ಷ ಮೇ ತಿಂಗಳ ನಡುವಿನ ತನಕ ಚಳಿ ಬಿಡಲಿಲ್ಲ. ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಹಿಮ. ಕೈಗವಸು ಹಾಕಿಕೊಂಡು ಸೈಕಲ್ ತುಳಿದು ಊರಿನ ಸುತ್ತ ಹನ್ನೆರಡು ಕಡೆ ಹೋದೆ. ಹೊಲಗಳು, ಹಿತ್ತಿಲುಗಳು, ಪಟ್ಟಣದವರು ಬಾಡಿಗೆಗೆ ಹಿಡಿದು ತರಕಾರಿ ಬೆಳೆಯುವ ಚಿಕ್ಕ ಚಿಕ್ಕ ತೋಟಗಳು. ಹನ್ನೆರಡನೆಯದು ಒಬ್ಬ ಮುದುಕಿಯ ತೋಟ. ಅದರ ಬೇಲಿಯುದ್ದಕ್ಕೂ ಯೊಹಾನಿಸ್‌ಬೇರೆ ಪೊದೆಗಳು, ಆಕೆಯ ಗಂಡ ಮದುವೆಯ ವರ್ಷ ನೆಟ್ಟದ್ದಂತೆ. ಪೊದೆಯ ಎಳೆ ಚಿಗುರಿನಿಂದ ಹೇನು ಎತ್ತುತ್ತಿದ್ದ ನನ್ನನ್ನು ನೋಡಿ ಆಕೆ ಕೇಳಿದಳು, "ಇವನ್ನು ಕೊಂಡು ಹೋಗಲು ನಿಮಗೆ ಸಂಬಳ ಕೊಡುತ್ತಾರೆಯೇ? ನನ್ನ ಬಳಿ ಇನ್ನೂ ಬೇಕಾದಷ್ಟಿವೆ."

ಕೋಣೆ ಸಂಖ್ಯೆ ನಾಲ್ಕು ನನ್ನ ವಶಕ್ಕೆ ಬಂತು. ಪ್ರತಿ ಜಾಗದಿಂದ ತಂದವುಗಳಲ್ಲಿ ಒಂದೇ ಅಮ್ಮನನ್ನು ಆರಿಸಿ ಹನ್ನೆರಡು ಬಲೆಪೆಟ್ಟಿಗೆಗಳಲ್ಲಿ ಹಳೆಯ ತಳಿಯ ಗಿಡಗಳ ಮೇಲೆ ಹನ್ನೆರಡು ಕುಟುಂಬ ಮಾಡಿದೆ. ಒಂದರ ಹೇನು ಇನ್ನೊಂದಕ್ಕೆ ಹೋಗಬಾರದು. ಅದಕ್ಕೆ ಹನ್ನೆರಡು ಬ್ರಶ್ ತೆಗೆದುಕೊಂಡು ಒಂದೊಂದಕ್ಕೆ ಒಂದೊಂದು ಬಣ್ಣದ ನೂಲು ಸುತ್ತಿದೆ, ಪೆಟ್ಟಿಗೆಗೂ ಅದೇ ಬಣ್ಣ. ಒಂದು ಪೆಟ್ಟಿಗೆ ಮುಚ್ಚಿ, ಮೊಣಕೈವರೆಗೆ ಸೋಪಿನಲ್ಲಿ ತೊಳೆದು, ಕೋಟು ಬದಲಿಸಿಯೇ ಮುಂದಿನದನ್ನು ತೆರೆಯುವುದು. ಒಂದು ಸುತ್ತು ಮುಗಿಯಲು ಹನ್ನೆರಡು ಕೋಟು. ತೊಳೆಯುವ ವಿಭಾಗದವಳು ನನ್ನನ್ನು ನೋಡಿ ಬೈಯುತ್ತಿದ್ದಳು. ನಿಯಮದ ಪುಸ್ತಕದಲ್ಲಿ ಕೋಟು ಬದಲಿಸಬೇಕು ಎಂದು ಇರಲಿಲ್ಲ. ನನ್ನ ಮನಸ್ಸಿಗೆ ಬಂದದ್ದು. ಜೂನ್‌ನಲ್ಲಿ ಬಿಸಿಲು ಏರಿದ ಮೇಲೆ ಆ ಕೋಣೆ ಕುದಿಯುವ ಪಾತ್ರೆಯ ಹಾಗಿತ್ತು. ಬೆವರು ಕಣ್ಣಿಗೆ ಇಳಿದರೂ ಒರೆಸಲು ಕೈ ಎತ್ತುತ್ತಿರಲಿಲ್ಲ.

ಒಂದೇ ತಟ್ಟೆಯಲ್ಲಿ ಬಿತ್ತಿದ ಹೊಸ ತಳಿಯ ಸಸಿಗಳನ್ನು ಹನ್ನೆರಡು ಪೆಟ್ಟಿಗೆಗೂ ಹಂಚಿ, ಪ್ರತಿ ಸಸಿಗೆ ಬೇರೆ ಬಲೆ ಮುಚ್ಚಿ ಹತ್ತು ಹೇನು ಬಿಟ್ಟೆ. ನಾಲ್ಕು ದಿನದಲ್ಲಿ ಹನ್ನೊಂದು ಪೆಟ್ಟಿಗೆಗಳಲ್ಲಿ ಆ ಸಸಿಗಳ ಮೇಲೆ ಬಿಟ್ಟವು ಸತ್ತವು. ಹನ್ನೆರಡನೆಯದರಲ್ಲಿ, ಕೆಂಪು ನೂಲಿನ ಪೆಟ್ಟಿಗೆಯಲ್ಲಿ, ಮೊದಲ ದಿನ ಅಲೆದವು, ಎರಡನೆಯ ದಿನ ಕೂತವು, ಐದನೆಯ ದಿನ ಒಂದರ ಹಿಂದೆ ಮೂರು ಮರಿ ಇದ್ದವು. ಬಿಳಿ ಚುಕ್ಕಿಗಳಂಥ ಮರಿಗಳು.

ಸವಿತಾ ಅವರು ಓಡಿ ಬಂದು ಲೆನ್ಸ್ ಹಿಡಿದು ನೋಡಿದರು. "ಅಯ್ಯ ಶಿವನ!" ಅಷ್ಟೇ ಹೇಳಿದರು. ಲೆನ್ಸ್ ಇಳಿಸಿ, ಮತ್ತೆ ಎತ್ತಿ, ಮೂರು ಮರಿಗಳನ್ನೂ ಇನ್ನೊಮ್ಮೆ ಎಣಿಸಿದರು. ಸಂತೋಷಕ್ಕೋ ಹೆದರಿಕೆಗೋ ಆಗ ನನಗೆ ಗೊತ್ತಾಗಲಿಲ್ಲ.

ಒಮ್ಮೆ ಆದದ್ದನ್ನು ನಂಬಬೇಡ ಎಂದು ಮತ್ತೆ ಮಾಡಿದೆವು. ಎರಡನೆಯ ಸಲ ಸಸಿಗಳನ್ನು ಸವಿತಾ ಅವರೇ ಬಿತ್ತಿದರು. ಮೂರನೆಯ ಸಲ ಪೆಟ್ಟಿಗೆಗಳ ಜಾಗ ಅದಲುಬದಲು ಮಾಡಿದೆವು. ಮೂರು ಸಲವೂ ಹನ್ನೊಂದು ಸತ್ತವು, ಮುದುಕಿಯ ಬೇಲಿಯದು ಬದುಕಿತು. ಲೆಕ್ಕ ಸರಳವಾಗಿತ್ತು. ಆ ಬೇಲಿಯಲ್ಲಿ ವರ್ಷ ವರ್ಷ ಮದುವೆ, ವರ್ಷ ವರ್ಷ ಬೇರೆ ಬೇರೆ ಗುಣದ ಮರಿ. ಯಾವುದೋ ಒಂದಕ್ಕೆ ಹೊಸ ತಳಿಯ ರಸ ಅರಗಿಸುವ ಗುಣ ಮೊದಲೇ ಇತ್ತು. ನಾಳೆ ಬಯಲಿಗೆ ಬಯಲೇ ಈ ತಳಿ ಬಿತ್ತಿದರೆ ಉಳಿದ ಹೇನುಗಳು ಸಾಯುತ್ತವೆ, ಊಟ ಪೂರ್ತಿ ಇದೊಂದು ಕುಟುಂಬದ ಪಾಲಿಗೆ. ಗಂಡಿನ ಹಂಗೂ ಇಲ್ಲದೆ ಬೇಸಿಗೆಯಿಡೀ ಹಡೆಯುವ ಜಾತಿ. ಎಷ್ಟು ದಿನ ಬೇಕು? "ತಳಿ ಕೆಟ್ಟದ್ದಂತ ಅಲ್ರೀ" ಎಂದು ಸವಿತಾ ಅವರೇ ಹೇಳಿದರು, "ಒಂದ ಕೀಲಿ ಹಾಕಿದ ಬಾಗಲಾ ಅದು. ಇನ್ನೊಂದ ಕೀಲಿ ಸೇರಸೂ ಮಟಾ ಮಾರಬಾರ್ದು. ಮಾರಿದ್ರೂ ಹಳೇ ತಳಿ ನಡುನಡುವ ಹಾಕ್ರಿ ಅಂತ ರೈತರಿಗೆ ಹೇಳಬೇಕು." ಇದನ್ನೇ ಬರೆದು ಕೊಡುತ್ತೇನೆ ಎಂದು ಅವರು ಹೇಳಿದರು.

ಜುಲೈ ಕೊನೆಯಲ್ಲಿ ಡಾಕ್ಟರ್ ಬ್ರಾಂಟ್ ನಮ್ಮಿಬ್ಬರನ್ನೂ ಕರೆದರು. ದನಿ ಏರಿಸುವ ಮನುಷ್ಯ ಅಲ್ಲ. ಕಾಫಿ ಕೊಟ್ಟು ಮಾತು ಶುರುಮಾಡಿದರು.

"ಹೆರ್ ಡಿಸೋಜಾ, ಪ್ರಯೋಗಾಲಯದ ಕೆಲಸದಲ್ಲಿ ನಿಮ್ಮ ಆಉಸ್‌ಬಿಲ್ಡುಂಗ್ ಏನು?"

ಈ ದೇಶದಲ್ಲಿ ಕೂದಲು ಕತ್ತರಿಸಲೂ ಮೂರು ವರ್ಷದ ತರಬೇತಿ, ಕೊನೆಯಲ್ಲಿ ಪ್ರಮಾಣಪತ್ರ. ಅದಕ್ಕೇ ಆಉಸ್‌ಬಿಲ್ಡುಂಗ್ ಎನ್ನುವುದು. ನನಗೆ ಅದಿಲ್ಲ ಎಂದು ಅವರಿಗೆ ಗೊತ್ತಿತ್ತು.

"ಇಲ್ಲ" ಎಂದೆ.

"ಹಾಗಿದ್ದರೆ ತಪ್ಪಾಗುವುದು ಸಹಜ. ಹನ್ನೆರಡನೆಯ ಪೆಟ್ಟಿಗೆಯ ಸಸಿಗಳು ಹಳೆಯ ತಳಿಯವಾಗಿರಬೇಕು. ಬೆರೆತು ಹೋಗಿವೆ."

"ಒಂದೇ ತಟ್ಟೆಯ ಸಸಿಗಳು. ಹನ್ನೊಂದು ಪೆಟ್ಟಿಗೆಯಲ್ಲಿ ಹೊಸ ತಳಿಯಾಗಿದ್ದು ಹನ್ನೆರಡನೆಯದರಲ್ಲಿ ಹಳೆಯದಾಯಿತೇ? ಮೂರು ಸಲವೂ?"

ನನ್ನ ಜರ್ಮನ್ ಹೊಲದ ಜರ್ಮನ್. ಆದರೂ ಆ ಪ್ರಶ್ನೆ ಅರ್ಥವಾಗದಿರಲು ಸಾಧ್ಯವಿರಲಿಲ್ಲ. ತಳಿಯ ಕಾಗದಪತ್ರ ಮುಗಿದಿದೆ, ಶುದ್ಧ ವಂಶದ ಮೇಲೆ ಮಾಡಿದ ಪರೀಕ್ಷೆಗಳೇ ಲೆಕ್ಕಕ್ಕೆ ಬರುವುದು, ಚಳಿಗಾಲದಲ್ಲಿ ಬೀಜ ಮಾರಾಟಕ್ಕೆ ಹೋಗುತ್ತದೆ ಎಂದು ಬ್ರಾಂಟ್ ಸವಿತಾ ಅವರ ಕಡೆಗೆ ತಿರುಗಿ ಹೇಳಿದರು. ಸವಿತಾ ಅವರು ಕಾಫಿ ಕಪ್ಪನ್ನೇ ನೋಡುತ್ತಿದ್ದರು.

ವಾರದ ಬಳಿಕ ನನ್ನ ಕೈಗೆ ಎರಡು ಕಾಗದ ಬಂತು. ಒಂದು ಆಜ್ಞೆ: ಕೋಣೆ ನಾಲ್ಕರ ಹನ್ನೆರಡೂ ಪೆಟ್ಟಿಗೆ ನಾಶಮಾಡಿ ಕೋಣೆ ತೊಳೆಯುವುದು. ಇನ್ನೊಂದು ವರದಿ, ಕೊನೆಯಲ್ಲಿ ನನ್ನ ಸಹಿಗೆ ಖಾಲಿ ಜಾಗ. ಉದ್ದುದ್ದ ಜರ್ಮನ್ ಪದಗಳು. ಮನೆಗೆ ತಂದು ಅನಿತಾಳಿಗೆ ಕೊಟ್ಟೆ. ಆಗ ಅವಳಿಗೆ ಹದಿನಾಲ್ಕು. ಕಚೇರಿಯಿಂದ ಬರುವ ಪತ್ರಗಳನ್ನೆಲ್ಲ ನಮಗೆ ಓದಿ ಹೇಳುವವಳು ಅವಳೇ.

ಓದುತ್ತಾ ಓದುತ್ತಾ ನಡುವೆ ನಿಲ್ಲಿಸಿದಳು.

"ಏನುಂಟು?"

"ನಿಷ್ಟ್ಸ್, ಪಪ್ಪಾ."

"ಏನೂ ಇಲ್ಲದ್ದಕ್ಕೆ ಮುಖ ಯಾಕೆ ಹಾಗಾಗಿದೆ? ಓದು."

ಅವಳು ತಾಯಿಯ ಕಡೆ ನೋಡಿ, ಕಾಗದದ ಕಡೆ ನೋಡಿ, ಮೆಲ್ಲಗೆ ಹೇಳಿದಳು. "ಆ ಟೆಸ್ಟ್ ಹಾಳಾದದ್ದು ನಿಮ್ಮಿಂದ ಅಂತ. ನೀವು ಸೌಬರ್ ಆಗಿ ಕೆಲಸ ಮಾಡ್ಲಿಲ್ಲ, ಎಲ್ಲ ಮಿಕ್ಸ್ ಮಾಡಿದ್ರಿ ಅಂತ. ಪಪ್ಪಾ, ಶ್ಟಿಮ್ಟ್ ದಾಸ್?"

ಸೌಬರ್ ಎಂದರೆ ಚೊಕ್ಕ. ನಿಜವಾ ಎಂದು ಕೇಳುತ್ತಿದ್ದಾಳೆ! ನನ್ನ ಮಗಳ ಬಾಯಿಂದ ನನ್ನ ಬಗ್ಗೆ ಆ ಮಾತು ಓದಿಸಿದರಲ್ಲ, ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನಾನು ಏಳನೆಯವರೆಗೆ ಓದಿದವನು, ನಿಜ. ಅದನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಆದರೆ ನನ್ನ ಕೈಯ ಕೆಲಸ ಕೊಳಕು ಎಂದು ನನ್ನ ಅಪ್ಪ ಸಹ ಹೇಳಿರಲಿಲ್ಲ.

ವರದಿಯ ಕೆಳಗೆ ಆಗಲೇ ಎರಡು ಸಹಿ ಇದ್ದವು. ಒಂದು ಬ್ರಾಂಟ್‌ರದ್ದು. ಇನ್ನೊಂದು ಸವಿತಾ ಹಿರೇಮಠ.

ಮರುದಿನ ಸಂಜೆ ಟ್ರಾಮ್ ನಿಲ್ದಾಣದಲ್ಲಿ ಅವರನ್ನು ಹಿಡಿದೆ.

"ಡಾಕ್ಟ್ರೇ, ಲೆನ್ಸ್ ಹಿಡಿದು ನೋಡಿದ್ದು ನೀವು. ಎರಡನೆ ಸಲ ಬೀಜ ಬಿತ್ತಿದ್ದು ನೀವು. ಈಗ ಬೆರೆಸಿದ್ದು ನಾನಾ?"

"ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಡಿಸೆಂಬರ್‌ಕ್ಕ ನನ್ನ ಕಾಂಟ್ರ್ಯಾಕ್ಟ್ ಮುಗೀತದ. ಅವರು ಮುಂದುವರಸಲಿಲ್ಲಂದ್ರ ವೀಸಾನೂ ಹೋತು. ನಿಮಗೇನ್ರೀ, ಲೀನಾ ಅಕ್ಕಾರ ನೌಕರಿ ಅದ, ನೀವು ಇಲ್ಲೇ ಇರತೀರಿ. ಒಂದು ಕಾಗದ ಅಷ್ಟ ಅದು. ಯಾರೂ ತಗದು ನೋಡೂದುಲ್ಲ."

"ಯಾರೂ ನೋಡುದಿಲ್ಲ ಅಂತಾದ್ರೆ ನಿಮ್ಮ ಹೆಸರು ಬರೀರಿ ಅದ್ರಲ್ಲಿ."

ಅವರು ಟ್ರಾಮ್ ಬರುವ ಕಡೆ ನೋಡಿದರು.

"ಬರೀಲಿಕ್ಕೆ ಆಗುದಿಲ್ಲ ಅಲ್ವಾ? ಯಾಕೆಂದ್ರೆ ನಿಮ್ಮದು ಹೆಸರು. ನನ್ನದು ಎಂತ, ಕಾಲೊರಸುವ ಗೋಣಿಯಾ?"

"ಹಂಗಲ್ರೀ ಅಣ್ಣಾರ..."

"ನನ್ನನ್ನು ಅಣ್ಣ ಅಂತ ಕರೀಬೇಡಿ ಇನ್ನು."

ಟ್ರಾಮ್ ಬಂತು. ಅವರು ಹತ್ತಿದರು. ನಾನು ಹತ್ತಲಿಲ್ಲ, ನಾಲ್ಕು ಕಿಲೋಮೀಟರ್ ನಡೆದೇ ಮನೆಗೆ ಹೋದೆ. ಬ್ರಾಂಟ್ ಮೇಲಿನ ಸಿಟ್ಟು ದಾರಿಯಲ್ಲಿ ಅರ್ಧ ಇಳಿಯಿತು. ಸವಿತಾ ಅವರ ಮೇಲಿನದು ಇಳಿಯಲಿಲ್ಲ. ಅವರಿಗೆ ಸತ್ಯ ಗೊತ್ತಿತ್ತಲ್ಲ!

ಮನೆಯಲ್ಲಿ ಲೀನಾ ನನಗೆ ಬುದ್ಧಿ ಹೇಳಿದಳು. "ಸೈನ್ ಹಾಕ್ಲಿಕ್ಕೆ ಆಗುದಿಲ್ಲ ಅಂದ್ರೆ ಹಾಕ್ಬೇಡಿ. ಆದ್ರೆ ಆ ಹೇನು ಇರುವ ಒಂದು ಗಿಡದ ಚಟ್ಟಿ ತಂದು ಬಾಲ್ಕನಿಯಲ್ಲಿ ಇಡಿ. ನಾಳೆ ತೋರಿಸ್ಲಿಕ್ಕೆ ನಿಮ್ಮ ಕೈಯಲ್ಲಿ ಎಂತಾದ್ರೂ ಬೇಡ್ವಾ?"

"ಅದನ್ನು ಹೊರಗೆ ತರ್ಲಿಕ್ಕೆ ಇಲ್ಲ. ನಿಯಮ."

"ಅವರು ನಿಯಮ ನೋಡಿದ್ರಾ?"

"ಅವರು ಬರೆದದ್ದು ನಾನು ಕೆಲಸದಲ್ಲಿ ಚೊಕ್ಕ ಇಲ್ಲ ಅಂತ. ನಾನು ಒಂದು ಚಟ್ಟಿ ಕದ್ದು ತಂದ್ರೆ ಅವರು ಬರೆದದ್ದು ಸತ್ಯ ಆಗ್ತದೆ ಮಾರಾಯ್ತಿ."

"ನಿಮ್ಮ ಈ ಗರ್ವ ಒಂದು!" ಎಂದು ಅವಳು ಒಳಗೆ ಹೋದಳು.

ಗರ್ವವೇ ಇರಬಹುದು. ಬೇರೇನಿತ್ತು ನನ್ನ ಬಳಿ?

ಆಗಸ್ಟಿನ ಮೊದಲ ವಾರ ನಾನು ಒಬ್ಬನೇ ಕೋಣೆ ನಾಲ್ಕನ್ನು ಖಾಲಿ ಮಾಡಿದೆ. ಒಂದೊಂದು ಪೆಟ್ಟಿಗೆಯ ಗಿಡಗಳನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಆ ಚೀಲವನ್ನು ಇನ್ನೊಂದು ಚೀಲದಲ್ಲಿ ಕಟ್ಟಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಫ್ರೀಜರ್‌ನಲ್ಲಿ ಎರಡು ದಿನ ಇಟ್ಟೆ. ಹನ್ನೆರಡನೆಯದನ್ನು ಕೊನೆಗೆ ಕಟ್ಟಿದೆ. ಆ ಎಲೆಗಳಡಿಯಲ್ಲಿ ನೂರಾರು ಇದ್ದವು, ದಪ್ಪ ದಪ್ಪಗೆ, ಆರೋಗ್ಯವಾಗಿ. ನಾನು ಹೇಳಿದ್ದಕ್ಕೆ ಜಗತ್ತಿನಲ್ಲಿ ಅವೇ ಸಾಕ್ಷಿ. ಹೆಪ್ಪುಗಟ್ಟಿದ ಮೇಲೆ ಎಲ್ಲವನ್ನೂ ಹಬೆಯಲ್ಲಿ ಬೇಯಿಸಿ ಕಸಕ್ಕೆ ಕಳಿಸಿದೆ. ಬಣ್ಣದ ನೂಲಿನ ಬ್ರಶ್ಶುಗಳನ್ನೂ ಬೇಯಿಸಿದೆ. ಗೋಡೆ, ಕಿಟಕಿಯ ಸಂದು, ನೆಲದ ಜಾಲರಿ, ಬಲ್ಬಿನ ಹಿಂಭಾಗ, ಬಾಗಿಲ ಕೀಲು ಎಲ್ಲ ಸೋಪಿನಲ್ಲಿ ತಿಕ್ಕಿದೆ. ಒಂದು ದಿನದ ಕೆಲಸಕ್ಕೆ ಮೂರು ದಿನ ತೆಗೆದುಕೊಂಡೆ. ಆಮೇಲೆ ಹಳದಿ ಅಂಟುಕಾಗದಗಳನ್ನು ತೂಗಿಸಿ, ಬೋನಿಗೆ ಎಂದು ಎರಡು ಹಳೆಯ ತಳಿಯ ಸಸಿ ಇಟ್ಟು ಎರಡು ವಾರ ಕಾದೆ. ಒಂದೂ ಹೇನು ಅಂಟಲಿಲ್ಲ, ಒಂದೂ ಸಸಿಯ ಮೇಲೆ ಬರಲಿಲ್ಲ. ಆಗ ಬೀಗದ ಕೈ ಹಿಂದೆ ಕೊಟ್ಟೆ.

ವರದಿಗೆ ಸಹಿ ಹಾಕಲಿಲ್ಲ. ಖಾಲಿ ಜಾಗ ಖಾಲಿಯೇ ಇಟ್ಟು ಕಡತ ಮುಚ್ಚಿದರಂತೆ. ಡಿಸೆಂಬರ್‌ನಲ್ಲಿ ನನ್ನ ಕರಾರು ಮುಂದುವರಿಯಲಿಲ್ಲ. ಸವಿತಾ ಅವರದ್ದು ಮುಂದುವರಿಯಿತು. ಹೊಸ ವರ್ಷದಿಂದ ನಾನು ಊರಾಚೆಯ ಸ್ಮಶಾನದಲ್ಲಿ ತೋಟದ ಕೆಲಸ ಹಿಡಿದೆ. ಸಮಾಧಿಗಳ ಸುತ್ತ ಹೂ ನೆಡುವುದು, ಎಲೆ ಗುಡಿಸುವುದು. ಅಲ್ಲಿ ಯಾರೂ ನನ್ನ ಕೈಯ ಬಗ್ಗೆ ತಕರಾರು ಹೇಳಿಲ್ಲ.

ಹೊಸ ಬೀಜ ಮೊದಲ ಬೇಸಿಗೆ ಚೆನ್ನಾಗಿ ನಡೆಯಿತು. ಬಯಲಿನ ರೈತರೆಲ್ಲ ಬಿತ್ತಿದರು. ಎರಡನೆಯ ಬೇಸಿಗೆ ಒಂದು ಭಾನುವಾರ ಸೈಕಲ್‌ನಲ್ಲಿ ಹೋಗುತ್ತಿದ್ದಾಗ ಹೆರ್ ಶ್ಟೈನ್ ಕೋಸಿನ ಹಾಗೆ ತಲೆ ಕಟ್ಟಿ ನಿಂತ ಸೊಪ್ಪನ್ನು ಟ್ರ್ಯಾಕ್ಟರ್‌ನಲ್ಲಿ ಮಣ್ಣಿಗೆ ಮಗುಚುತ್ತಿದ್ದುದು ಕಂಡಿತು. ಇಲ್ಲಿ ಭಾನುವಾರ ಯಾರೂ ಟ್ರ್ಯಾಕ್ಟರ್ ಓಡಿಸುವುದಿಲ್ಲ. ಇಳಿದು ಒಂದು ಸೊಪ್ಪು ಕಿತ್ತು ಎಲೆ ಬಿಡಿಸಿದೆ. ಒಳಗೆ ಹೇನುಗಳು ಕಿಕ್ಕಿರಿದಿದ್ದವು.

ಹೆರ್ ಶ್ಟೈನ್ ಟ್ರ್ಯಾಕ್ಟರ್ ನಿಲ್ಲಿಸಿದ. ಅವನೇನೂ ಮೆದು ಮನುಷ್ಯನಲ್ಲ, ನನ್ನಿಂದ ದಿನಕ್ಕೆ ಹತ್ತು ಗಂಟೆ ಕೆಲಸ ತೆಗೆದವನು. ಆದರೆ ಒಂದೇ ಮಾತು ಕೇಳಿದ: "ಸಿರಿಲ್, ನೀನು ಅಲ್ಲಿದ್ದೆ. ಅವರಿಗೆ ಇದು ಗೊತ್ತಿತ್ತೇ?"

"ನಾನು ಹೇಳಿದ್ದೆ" ಎಂದೆ. "ನನ್ನನ್ನು ಕೊಳಕ ಎಂದರು."

ಅವನು ನೆಲಕ್ಕೆ ಉಗುಳಿ ಮತ್ತೆ ಟ್ರ್ಯಾಕ್ಟರ್ ಹತ್ತಿದ. ನನ್ನ ಮೇಲೆ ಉಗುಳಿದ್ದಲ್ಲ. ಆದರೂ ನನಗೆ ತಾಗಿತು. ಅವರಿಗೆ ಹೇಳಿದ್ದನ್ನು ನಾನು ಇವನಿಗೂ ಬೀಜ ಬಿತ್ತುವ ಮೊದಲು ಹೇಳಬೇಕಿತ್ತು. ಒಳಗಿನ ವಿಷಯ ಹೊರಗೆ ಹೇಳಬಾರದು ಎಂದು ಕರಾರಿನಲ್ಲಿತ್ತು, ನಾನು ಹೇಳಿರಲಿಲ್ಲ. ಕೆಲಸ ಹೋದ ಮೇಲೂ ಆ ಮಾತನ್ನು ಪಾಲಿಸಿಕೊಂಡು ಬಂದ ನನ್ನ ಬುದ್ಧಿಗೆ ಏನು ಹೇಳುವುದು!

ಕಳೆದ ಅಕ್ಟೋಬರ್‌ನಲ್ಲಿ ಸಂಸ್ಥೆಯಿಂದ ಫೋನ್ ಬಂತು, ಒಮ್ಮೆ ಬಂದು ಹೋಗುವಿರಾ ಎಂದು. ಕೆಲಸದ ಬಟ್ಟೆಯಲ್ಲೇ ಹೋದೆ. ಡಾಕ್ಟರ್ ಬ್ರಾಂಟ್‌ರ ಕೋಣೆಯಲ್ಲಿ ಸವಿತಾ ಅವರೂ ಇದ್ದರು. ಕೂದಲಲ್ಲಿ ನಾಲ್ಕು ಬಿಳಿ ಎಳೆ ಬಂದಿತ್ತು. ಕಾಫಿ ಕೊಟ್ಟರು. ನಾನು ಮುಟ್ಟಲಿಲ್ಲ.

ವಿಷಯ ಇಷ್ಟು. ಹೊಸ ತಳಿಯನ್ನು ತಿನ್ನುವ ಹೇನು ಈಗ ಎಲ್ಲ ಬಯಲುಗಳಲ್ಲೂ ಇದೆ. ಅದು ಒಂದೇ ಕುಟುಂಬವಾಗಿ ಒಂದು ಕಡೆಯಿಂದ ಹರಡಿತೋ, ಬೇರೆ ಬೇರೆ ಕಡೆ ತಾನಾಗಿ ಎದ್ದಿತೋ ಎಂದು ತಿಳಿದರೆ ಮುಂದಿನ ತಳಿಗೆ ಎಂಥ ಎರಡನೆಯ ಬೀಗ ಹಾಕಬೇಕು ಎಂದು ಗೊತ್ತಾಗುತ್ತದೆ. ತಿಳಿಯಬೇಕಾದರೆ ಬೀಜ ಮಾರುವ ಮೊದಲಿನ, ಬೇರೆ ಯಾವುದರೊಂದಿಗೂ ಬೆರೆಯದ ಒಂದು ಕುಟುಂಬ ಬೇಕು. ಅಂಥದ್ದು ಇದ್ದದ್ದು ಒಂದೇ ಕಡೆ. ಕೋಣೆ ನಾಲ್ಕು, ಹನ್ನೆರಡನೆಯ ಪೆಟ್ಟಿಗೆ. ಮುದುಕಿ ತೀರಿಕೊಂಡು ಆ ಬೇಲಿಯನ್ನೂ ಕಿತ್ತು ಹಾಕಿದ್ದಾರಂತೆ.

"ಹಾಗಾದರೆ ಅದು ಬೆರೆತಿರಲಿಲ್ಲ ಎಂದು ಈಗ ಒಪ್ಪುತ್ತೀರಿ" ಎಂದೆ.

"ಈಗ ತಿರುಗಿ ನೋಡಿದರೆ ಅದು ಬೇರೆಯಾಗಿ ಕಾಣಬಹುದು" ಎಂದರು ಬ್ರಾಂಟ್.

"ವರದಿಯಲ್ಲಿ ನನ್ನ ಹೆಸರು ಹಾಗೇ ಇದೆಯೇ?"

"ಮುಚ್ಚಿದ ಕಡತವನ್ನು ತಿದ್ದುವ ಕ್ರಮ ಇಲ್ಲ." ಅವರು ಮುಂದೆ ಬಾಗಿದರು, ಸ್ನೇಹಿತನ ಹಾಗೆ. "ಹೆರ್ ಡಿಸೋಜಾ, ನಮ್ಮೊಳಗೆ ಮಾತಾಡೋಣ. ಮನುಷ್ಯರು ಏನಾದರೂ ಇಟ್ಟುಕೊಳ್ಳುತ್ತಾರೆ. ಕಿಟಕಿಯಲ್ಲಿ ಒಂದು ಚಟ್ಟಿ, ಫ್ರೀಜರ್‌ನಲ್ಲಿ ಒಂದು ಎಲೆ. ನಿಮ್ಮ ಮೇಲೆ ಯಾವ ಕ್ರಮವೂ ಇರುವುದಿಲ್ಲ ಎಂದು ಬರೆದು ಕೊಡುತ್ತೇನೆ. ಅಷ್ಟೇ ಅಲ್ಲ, ನಿಮಗೆ ಕಾಯಂ ಕೆಲಸ."

ಸವಿತಾ ಅವರು ಕನ್ನಡದಲ್ಲಿ ಹೇಳಿದರು, ತಗ್ಗಿದ ದನಿಯಲ್ಲಿ. "ನಂದ ತಪ್ಪು. ಹೊಟ್ಯಾಗ ಹಾಕ್ಕೋರಿ. ಆದ್ರ ಖರೇ ಹೇಳ್ರಿ, ತೊಳಿಯೂ ಮುಂದ ಎಲ್ಲೆರೆ ಒಂದು ಬಿಟ್ಟಿರೇನು? ಮರತಾದ್ರೂ?"

ಅವರ ಕಣ್ಣಲ್ಲಿ ಆಸೆ ಇತ್ತು. ಇಬ್ಬರ ಕಣ್ಣಲ್ಲೂ ಇತ್ತು. ನಾನು ಎಲ್ಲಾದರೂ ಒಂದು ಮೂಲೆ ಬಿಟ್ಟಿರಲಿ, ಒಂದು ಚೀಲ ಸರಿಯಾಗಿ ಕಟ್ಟದಿರಲಿ, ವರದಿಯಲ್ಲಿ ಬರೆದಂಥ ಮನುಷ್ಯನೇ ಆಗಿರಲಿ ಎಂದು ಅವರು ಕಾಯುತ್ತಿದ್ದರು.

ನಾನು ಎದ್ದು ನಿಂತೆ.

"ಡಾಕ್ಟ್ರೇ" ಎಂದೆ ಸವಿತಾ ಅವರಿಗೆ, "ನೀವು ಸೈನ್ ಹಾಕಿದ ಕಾಗದದಲ್ಲಿ ನಾನು ಕೊಳಕ ಅಂತ ಉಂಟು. ಕೊಳಕ ಆಗಿದ್ರೆ ಇವತ್ತು ನಿಮಗೆ ಒಂದು ಹೇನು ಸಿಗ್ತಿತ್ತು."

ಆಮೇಲೆ ಬ್ರಾಂಟ್‌ರಿಗೂ ಅರ್ಥವಾಗಲಿ ಎಂದು ಜರ್ಮನ್‌ನಲ್ಲಿ ಬಿಡಿಸಿ ಹೇಳಿದೆ.

"ಒಂದೂ ಇಲ್ಲ. ಆ ಕೋಣೆಯನ್ನು ತೊಳೆದವನು ನಾನು."